ಉಲ್ಲನ್ನಿನಲ್ಲಿ ಶರತ್ಕಾಲ: ಎಲೆ, ಓಕ್ ಕಾಯಿ, ಪುಟ್ಟ ಕುಂಬಳ ಹೆಣೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ತವರು ಧಾರವಾಡ, ಅತ್ತೆಮನೆ ಮೈಸೂರು. ಹಾಗಾಗಿ ನವರಾತ್ರಿಗೆ ನಮ್ಮ ಮನೆಯಲ್ಲಿ ಗೊಂಬೆಯೂ ಕೂರುತ್ತದೆ, ವಿಜಯದಶಮಿಗೆ ಬನ್ನಿಯೂ ಆಗಬೇಕು. ಇಲ್ಲಿ ಆ ಹೊತ್ತಿಗೆ ಸರಿಯಾಗಿ ಮರಗಳಿಗೆ ಬಣ್ಣ ಬರುತ್ತದೆ. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಕಾಡು, ತೋಟ ಮಾಡುವುದು ರೂಢಿಯಲ್ಲವೇ? ಅಲ್ಲಿಗೆಂದು ಮೇಪಲ್ ಎಲೆ, ಓಕ್ ಕಾಯಿ, ಕುಂಬಳ, ಅಣಬೆಗಳನ್ನು ಹೆಣೆದು ಇಡುತ್ತಾ ಬಂದಿದ್ದೇನೆ. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಅವನ್ನು ಕೈಯಲ್ಲಿ ಹಿಡಿದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನಗೆ ನಿಟಿಂಗ್ ಅಷ್ಟಕ್ಕಷ್ಟೇ. ಇದನ್ನು ಶುರುಮಾಡಬಹುದಾ?

ಖಂಡಿತ. ಹೊಸಬರಿಗೆ ಸ್ವೆಟರ್‌ಗಿಂತ, ಮಫ್ಲರ್‌ಗಿಂತ ಇದೇ ಒಳ್ಳೆಯದು ಅನ್ನುವವಳು ನಾನು. ಮಫ್ಲರ್ ಹಿಡಿದರೆ ಒಂದೇ ಸಾಲನ್ನು ಮುನ್ನೂರು ಸಲ ಹಾಕಬೇಕು, ಅರ್ಧಕ್ಕೆ ಬೇಸರ ಬಂದು ಕಡ್ಡಿ ಸಮೇತ ಅಟ್ಟ ಸೇರುತ್ತದೆ. ಒಂದು ಎಲೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ತಪ್ಪಾದರೆ ಬಿಚ್ಚಿ ಮತ್ತೆ ಹಾಕಲು ಹತ್ತು ನಿಮಿಷ. ಇಷ್ಟರಲ್ಲೇ ಕುಣಿಕೆ ಹೆಚ್ಚಿಸುವುದು, ಕಡಿಮೆ ಮಾಡುವುದು, ಮುಚ್ಚುವುದು, ಹೊಲಿದು ಜೋಡಿಸುವುದು ಎಲ್ಲವೂ ಕೈಗೆ ಬಂದುಬಿಡುತ್ತದೆ. ಎಲೆ ಸ್ವಲ್ಪ ಸೊಟ್ಟಗಾದರೂ ಚಿಂತೆಯಿಲ್ಲ. ಅಂಗಳಕ್ಕೆ ಹೋಗಿ ಬಿದ್ದ ಎಲೆಗಳನ್ನು ನೋಡಿ, ಎರಡೂ ಬದಿ ಸಮನಾಗಿರುವ ಒಂದೇ ಒಂದು ಎಲೆ ಸಿಗುವುದು ಕಷ್ಟ.

ನೀವು ಬಳಸುವ ಪದಗಳ ಅರ್ಥ ಏನು?

ಕುಣಿಕೆ ಅಂದರೆ ಸ್ಟಿಚ್. ನಿಟ್, ಪರ್ಲ್ ಎಲ್ಲರಿಗೂ ಗೊತ್ತಿರುವವೇ, ಕೆಲವರು ಸೀದಾ, ಉಲ್ಟಾ ಅನ್ನುತ್ತಾರೆ. ‘ಸುತ್ತು’ ಅಂದರೆ ದಾರವನ್ನು ಕಡ್ಡಿಯ ಮೇಲೆ ಒಮ್ಮೆ ಹಾಯಿಸಿ ಹೊಸ ಕುಣಿಕೆ ಮಾಡುವುದು, ಅದೇ ಯಾರ್ನ್ ಓವರ್. ‘ಒಂದರಲ್ಲಿ ಎರಡು’ ಅಂದರೆ ಒಂದೇ ಕುಣಿಕೆಯ ಮುಂದೆ ಒಮ್ಮೆ, ಹಿಂದೆ ಒಮ್ಮೆ ನಿಟ್ ಮಾಡುವುದು. ‘ಕೂಡಿಸಿ’ ಅಂದರೆ ಎರಡು ಕುಣಿಕೆಯನ್ನು ಒಟ್ಟಿಗೆ ನಿಟ್ ಮಾಡಿ ಒಂದಾಗಿಸುವುದು. ಎರಡೂ ಬದಿ ನಿಟ್ಟೇ ಹಾಕಿದರೆ ಗಾರ್ಟರ್, ಒಂದು ಸಾಲು ನಿಟ್ ಒಂದು ಸಾಲು ಪರ್ಲ್ ಆದರೆ ಸ್ಟಾಕಿನೆಟ್.

ಯಾವ ಉಲ್ಲನ್ ತೆಗೆದುಕೊಳ್ಳಲಿ? ಎಷ್ಟು ಬೇಕು?

ಮನೆಯಲ್ಲಿ ಉಳಿದಿರುವುದೇ ಸಾಕು. ಹಳೆಯ ಸ್ವೆಟರ್ ಹಾಕಿ ಮಿಕ್ಕ ಗೇಣುದ್ದದ ತುಂಡೂ ಓಕ್ ಕಾಯಿಯ ತೊಟ್ಟಿಗೆ ಬರುತ್ತದೆ. ಕೊಳ್ಳುವುದಾದರೆ ಎಲೆ ಮತ್ತು ಕಾಯಿಗಳಿಗೆ ಡಿಕೆ, ಕುಂಬಳಕ್ಕೆ ಅದಕ್ಕಿಂತ ಸ್ವಲ್ಪ ದಪ್ಪದ ವರ್ಸ್ಟೆಡ್. ಇವು ದಾರದ ದಪ್ಪದ ಹೆಸರುಗಳು. ಇಲ್ಲಿನ ಲೇಬಲ್‌ಗಳ ಮೇಲೆ ಪುಟ್ಟ ಉಂಡೆಯ ಚಿತ್ರದೊಳಗೆ ಒಂದು ಸಂಖ್ಯೆ ಇರುತ್ತದೆ: 3 ಅಂದರೆ ಡಿಕೆ, 4 ಅಂದರೆ ವರ್ಸ್ಟೆಡ್. 100 ಗ್ರಾಂ ವರ್ಸ್ಟೆಡ್ ಉಂಡೆಯಲ್ಲಿ ನಾನು ಕೆಳಗೆ ಹೇಳಿರುವ ಅಳತೆಯ ಹತ್ತು ಕುಂಬಳಗಳಾದರೂ ಆಗುತ್ತವೆ.

ಅಕ್ರಿಲಿಕ್ಕೋ, ಕುರಿ ಉಣ್ಣೆಯೋ? ಮಕ್ಕಳು ಎಳೆದಾಡುವ, ಆಗಾಗ ಒಗೆಯಬೇಕಾದ ವಸ್ತುವಿಗೆ ಅಕ್ರಿಲಿಕ್. ಎಲೆಗೆ ಮಾತ್ರ ನಾನು ಉಣ್ಣೆಯನ್ನೇ ಹಿಡಿಯುತ್ತೇನೆ. ಅದಕ್ಕೆ ಆಕಾರ ಕೊಟ್ಟರೆ ನಿಲ್ಲುತ್ತದೆ, ಬಣ್ಣಕ್ಕೆ ಅಕ್ರಿಲಿಕ್ಕಿನ ಹೊಳಪಿಲ್ಲದ ಒಂದು ಮಂಕು ಇರುತ್ತದೆ, ಒಣಗಿದ ಎಲೆಗೆ ಬೇಕಾದದ್ದು ಅದೇ. ಅಮೆರಿಕದ ಪೂರ್ವ ತೀರದಲ್ಲಿರುವವರು ಅಕ್ಟೋಬರ್ ಮೂರನೇ ವಾರಾಂತ್ಯದಲ್ಲಿ ನ್ಯೂಯಾರ್ಕ್ ರಾಜ್ಯದ ರೈನ್‌ಬೆಕ್‌ನಲ್ಲಿ ನಡೆಯುವ ಕುರಿ ಮತ್ತು ಉಣ್ಣೆ ಮೇಳಕ್ಕೆ ಒಮ್ಮೆ ಹೋಗಿಬನ್ನಿ.

ಊರಿನಲ್ಲಿರುವವರಿಗೆ ಇನ್ನೊಂದು ದಾರಿಯಿದೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರ ಹತ್ತಿರ ದಖನಿ ಕುರಿಯ ಕೈನೂಲು ಸಿಕ್ಕರೆ ಬಿಡಬೇಡಿ. ಕಪ್ಪು, ಕಂದುಗಪ್ಪು, ಒರಟು. ಮೈಗೆ ಚುಚ್ಚುತ್ತದೆ ನಿಜ, ಆದರೆ ಓಕ್ ಕಾಯಿಯ ತೊಪ್ಪಿಗೆ, ಮರದ ತೊಗಟೆಗೆ, ಕುಂಬಳದ ತೊಟ್ಟಿಗೆ ಆ ಒರಟುತನ ಬೇರೆ ಯಾವ ದಾರದಲ್ಲೂ ಬರುವುದಿಲ್ಲ. ನನ್ನ ಹತ್ತಿರ ಅದರ ಒಂದು ಸಣ್ಣ ಉಂಡೆ ಇದೆ, ಅಳೆದು ಅಳೆದು ಬಳಸುತ್ತಿದ್ದೇನೆ.

ಅಮ್ಮನ ಹಳೆಯ ನಂಬರ್ 10 ಕಡ್ಡಿ ಇದೆ. ಇಲ್ಲಿನ ಪುಸ್ತಕದಲ್ಲೂ ನಂಬರ್ 10 ಅಂತಲೇ ಇದೆ. ಆದರೆ ಅಳತೆ ಕೂಡುತ್ತಿಲ್ಲ, ಯಾಕೆ?

ಎರಡೂ ಬೇರೆ ಬೇರೆ. ನಮ್ಮ ಅಮ್ಮಂದಿರು ಬಳಸಿದ್ದು ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರ್ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ: 8 ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ., 12 ಅಂದರೆ 2.75 ಮಿ.ಮೀ. ಅಮೆರಿಕದ ಲೆಕ್ಕ ತಿರುಗುಮುರುಗು, ಅಲ್ಲಿ ನಂಬರ್ 10 ಅಂದರೆ 6 ಮಿ.ಮೀ. ದಪ್ಪ. ಆದ್ದರಿಂದ ಮಿಲಿಮೀಟರ್ ಮಾತ್ರ ನೋಡಿ. ಇಲ್ಲಿ ಹೇಳಿರುವ ಎಲೆ ಮತ್ತು ಕಾಯಿಗಳಿಗೆ ಅಮ್ಮನ ನಂಬರ್ 10 ಹೇಳಿ ಮಾಡಿಸಿದಂತಿದೆ. ಕುಂಬಳಕ್ಕೆ 4 ಮಿ.ಮೀ. ಸಾಕು. ಒಳಗೆ ಏನಾದರೂ ತುಂಬುವ ವಸ್ತುವಾದರೆ ಲೇಬಲ್ ಹೇಳಿದ್ದಕ್ಕಿಂತ ಒಂದು ಅಳತೆ ತೆಳುವಾದ ಕಡ್ಡಿ ಹಿಡಿಯಿರಿ. ಹೆಣಿಗೆ ಬಿಗಿಯಾಗಿದ್ದರೆ ಒಳಗಿನ ಹತ್ತಿ ಇಣುಕುವುದಿಲ್ಲ.

ಬಣ್ಣ ಹೇಗೆ ಆರಿಸುವುದು? ನನ್ನ ಎಲೆಗಳು ಪ್ಲಾಸ್ಟಿಕ್ ತೋರಣದ ಹಾಗೆ ಕಾಣುತ್ತವೆ.

ಎಲ್ಲರೂ ಎಡವುವ ಜಾಗ ಇದೇ. ಅಂಗಡಿಯಲ್ಲಿ ‘ಶರತ್ಕಾಲದ ಬಣ್ಣ’ ಎಂದು ಕಟ್ಟಿಟ್ಟ ಕೆಂಪು, ಕಿತ್ತಳೆ, ಹಳದಿ ಮೂರು ಉಂಡೆ ತಂದು ಮೂರು ಎಲೆ ಹಾಕಿದರೆ ತೋರಣದ ಹಾಗೆಯೇ ಕಾಣುತ್ತದೆ. ಉಲ್ಲನ್ ಕೊಳ್ಳುವ ಮೊದಲು ನೆಲದಿಂದ ಒಂದು ಎಲೆ ಎತ್ತಿಕೊಳ್ಳಿ. ಕಿಟಕಿಯ ಬೆಳಕಿನಲ್ಲಿ ಐದು ನಿಮಿಷ ನೋಡಿ.

ಈಗ ನನ್ನ ಮುಂದೆ ಒಂದು ಮೇಪಲ್ ಎಲೆ ಇದೆ, ಬೆಳಿಗ್ಗೆ ಮೆಟ್ಟಿಲ ಮೇಲೆ ಬಿದ್ದದ್ದು. ದೂರದಿಂದ ಕೆಂಪು. ಹತ್ತಿರ ಹಿಡಿದರೆ ನರಗಳು ಇನ್ನೂ ಹಳದಿ, ತೊಟ್ಟು ಸೇರುವ ಕಡೆ ಚೂರು ಹಸಿರು ಉಳಿದಿದೆ. ತುದಿಗಳು ಒಣಗಿ ಕಾಫಿಪುಡಿ ಬಣ್ಣಕ್ಕೆ ತಿರುಗಿವೆ. ಒಂದು ಕಡೆ ಹುಳ ತಿಂದ ತೂತು, ತೂತಿನ ಸುತ್ತ ಕಪ್ಪು ಅಂಚು. ಮಗುಚಿದರೆ ಹಿಂಬದಿಯ ಕೆಂಪಿಗೆ ಬೂದಿ ಸವರಿದಂತಿದೆ. ಒಂದು ಎಲೆಯಲ್ಲಿ ಆರು ಬಣ್ಣ.

ಈ ಬಣ್ಣಗಳು ಬರುವ ಬಗೆ ತಿಳಿದರೆ ಆರಿಸುವುದೂ ಸುಲಭ. ಹಗಲು ಕುಗ್ಗುತ್ತಿದ್ದಂತೆ ಮರ ಎಲೆಗೆ ಹಸಿರು ಕೊಡುವ ಪತ್ರಹರಿತ್ತನ್ನು ಹೊಸದಾಗಿ ಮಾಡುವುದನ್ನು ನಿಲ್ಲಿಸುತ್ತದೆ, ಇದ್ದದ್ದು ಕರಗುತ್ತಾ ಹೋಗುತ್ತದೆ. ಹಳದಿ, ಕಿತ್ತಳೆ ಕೊಡುವ ಕೆರೋಟಿನಾಯ್ಡ್‌ಗಳು ಬೇಸಿಗೆಯಿಡೀ ಎಲೆಯೊಳಗೇ ಇದ್ದವು, ಹಸಿರು ಸರಿದಾಗ ಕಾಣಿಸಿಕೊಳ್ಳುತ್ತವೆ. ಕೆಂಪಿನ ಕತೆ ಬೇರೆ. ಅದನ್ನು ಕೊಡುವ ಆಂಥೋಸಯನಿನ್ ಅನ್ನು ಎಲೆ ಆ ದಿನಗಳಲ್ಲೇ, ಒಳಗೆ ಉಳಿದ ಸಕ್ಕರೆಯಿಂದ ಹೊಸದಾಗಿ ತಯಾರಿಸುತ್ತದೆ. ಹಗಲು ಬಿಸಿಲು, ರಾತ್ರಿ ಹಿತವಾದ ಚಳಿ ಇದ್ದ ವರ್ಷ ಕೆಂಪು ಗಾಢ. ಬಿಸಿಲು ಬಿದ್ದ ಕೊಂಬೆ ಕೆಂಪು, ಅದೇ ಮರದ ನೆರಳಿನ ಕೊಂಬೆ ಹಳದಿ ಇರುವುದನ್ನು ನೀವೂ ನೋಡಿರುತ್ತೀರಿ. ಓಕ್ ಎಲೆಯ ಕಂದು ಕೊನೆಗೆ ಉಳಿಯುವ ಟ್ಯಾನಿನ್‌ನದು.

ಹೆಣಿಗೆಗೆ ಬಂದರೆ ನನ್ನ ಉಪಾಯ ಇಷ್ಟು: ತೆಳುವಾದ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ಹಾಕಿ, ಒಂದು ಇಟ್ಟಿಗೆಗೆಂಪು, ಇನ್ನೊಂದು ಸಾಸಿವೆ ಹಳದಿ. ಅರ್ಧಕ್ಕೆ ಬಂದಾಗ ಹಳದಿಯನ್ನು ಬಿಟ್ಟು ಕಂದು ಸೇರಿಸಿ. ಬಣ್ಣ ಬದಲಾದ ಗೆರೆ ಕಾಣದೆ ಒಂದರೊಳಗೊಂದು ಕರಗುತ್ತದೆ. ಎಲೆ ಮುಗಿದ ಮೇಲೆ ನರಗಳನ್ನು ಹಳದಿ ದಾರದಲ್ಲಿ ಸೂಜಿಯಿಂದ ಎಳೆಯಿರಿ. ಹತ್ತು ಎಲೆ ಮಾಡಿದರೆ ಅದರಲ್ಲಿ ಎರಡಾದರೂ ಹಸಿರು ಉಳಿದವು, ಮೂರಾದರೂ ಬರೀ ಕಂದು ಇರಲಿ. ಕಂದು ಇದ್ದರೇ ಕೆಂಪು ಎದ್ದು ಕಾಣುವುದು.

ಮೊದಲು ಯಾವ ಎಲೆ ಮಾಡಲಿ?

ಬೀಚ್ ಮರದ ಎಲೆಯಂಥ ಸಾದಾ ಎಲೆ. ಇದು ಬಂದರೆ ಅರ್ಧ ವಿದ್ಯೆ ಬಂದಂತೆ. 3.25 ಮಿ.ಮೀ.ನ, ಎರಡೂ ತುದಿ ಚೂಪಿರುವ ಕಡ್ಡಿ, ಡಿಕೆ ದಾರ.

3 ಕುಣಿಕೆ ಹಾಕಿ. ಮೊದಲು ತೊಟ್ಟು: ಮೂರನ್ನೂ ನಿಟ್ ಮಾಡಿ, ಕಡ್ಡಿ ತಿರುಗಿಸಬೇಡಿ, ಕುಣಿಕೆಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ದಾರವನ್ನು ಹಿಂದಿನಿಂದ ಎಳೆದುಕೊಂಡು ಮತ್ತೆ ನಿಟ್. ಹೀಗೆ 6 ಸಲ ಮಾಡಿದರೆ ದುಂಡನೆಯ ಹುರಿ ಬರುತ್ತದೆ. ಇದಕ್ಕೆ ಐ-ಕಾರ್ಡ್ ಎನ್ನುತ್ತಾರೆ. ಅಮೆರಿಕದಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದವರು ಹೆಣಿಗೆಯ ಪುಸ್ತಕಗಳನ್ನು ಬರೆದ ಎಲಿಜಬೆತ್ ಜಿಮ್ಮರ್‌ಮನ್.

ಸಾಲು 1: 1 ನಿಟ್, ಸುತ್ತು, 1 ನಿಟ್, ಸುತ್ತು, 1 ನಿಟ್. ಈಗ 5 ಕುಣಿಕೆ.
ಸಾಲು 2 ಮತ್ತು ಮುಂದಿನ ಎಲ್ಲ ಸಮಸಾಲುಗಳು: ಪರ್ಲ್.
ಸಾಲು 3: 2 ನಿಟ್, ಸುತ್ತು, 1 ನಿಟ್, ಸುತ್ತು, 2 ನಿಟ್. 7 ಕುಣಿಕೆ.
ಸಾಲು 5: 3 ನಿಟ್, ಸುತ್ತು, 1 ನಿಟ್, ಸುತ್ತು, 3 ನಿಟ್. 9 ಕುಣಿಕೆ.
ಸಾಲು 7: ಮೊದಲ ಎರಡನ್ನು ಹಿಂಬದಿಯಿಂದ ಕೂಡಿಸಿ, 5 ನಿಟ್, ಕೊನೆಯ ಎರಡನ್ನು ಕೂಡಿಸಿ. 7 ಕುಣಿಕೆ.
ಸಾಲು 9: ಅದೇ ರೀತಿ, ನಡುವೆ 3 ನಿಟ್. 5 ಕುಣಿಕೆ.
ಸಾಲು 11: ಅದೇ ರೀತಿ, ನಡುವೆ 1 ನಿಟ್. 3 ಕುಣಿಕೆ.
ಸಾಲು 13: ಮೂರನ್ನೂ ಒಟ್ಟಿಗೆ ಕೂಡಿಸಿ, ದಾರ ಕತ್ತರಿಸಿ ಎಳೆದು ಬಿಗಿ ಮಾಡಿ.

ನಡುವಿನ ಒಂದು ಕುಣಿಕೆ ಮೇಲಿನವರೆಗೂ ನೇರ ಸಾಗಿ ಎಲೆಯ ನಡುನರದಂತೆ ಕಾಣುತ್ತದೆ. ಅದರ ಎರಡೂ ಪಕ್ಕ ಸಣ್ಣ ತೂತುಗಳ ಸಾಲು ಬರುತ್ತದೆ, ಅದು ಸುತ್ತಿನಿಂದ ಆಗುವುದು, ತಪ್ಪಲ್ಲ. ಉದ್ದನೆಯ ಎಲೆ ಬೇಕಿದ್ದರೆ 9 ಕುಣಿಕೆ ಆದ ಮೇಲೆ ನಾಲ್ಕು ಸಾಲು ಹೆಚ್ಚಿಸದೆ ಹಾಕಿ.

ಮೇಪಲ್ ಎಲೆ ಎಷ್ಟು ಸಲ ಹಾಕಿದರೂ ಹಸ್ತದ ಹಾಗೆ ಬರುತ್ತಿಲ್ಲ.

ಒಂದೇ ತುಂಡಾಗಿ ಹಾಕಲು ಹೋಗಬೇಡಿ. ಐದು ಬೆರಳುಗಳನ್ನು ಬೇರೆ ಬೇರೆ ಹಾಕಿ, ಕೊನೆಗೆ ಅಂಗೈಯಲ್ಲಿ ಸೇರಿಸಿ. ಇಡೀ ಎಲೆ ಗಾರ್ಟರ್‌ನಲ್ಲಿ.

ದೊಡ್ಡ ಬೆರಳು: 3 ಕುಣಿಕೆ ಹಾಕಿ ಒಂದು ಸಾಲು ನಿಟ್. ಮುಂದಿನ ಎರಡು ಸಾಲುಗಳಲ್ಲಿ ಮೊದಲ ಕುಣಿಕೆಯನ್ನು ಒಂದರಲ್ಲಿ ಎರಡು ಮಾಡಿ, 5 ಆಗುತ್ತದೆ. ಎರಡು ಸಾಲು ಸಾದಾ. ಮತ್ತೆ ಎರಡು ಸಾಲುಗಳಲ್ಲಿ ಹೆಚ್ಚಿಸಿ, 7 ಆಗುತ್ತದೆ. ಎರಡು ಸಾಲು ಸಾದಾ. ದಾರ ಕತ್ತರಿಸಿ, ಕುಣಿಕೆಗಳನ್ನು ಮುಚ್ಚದೆ ಇನ್ನೊಂದು ಕಡ್ಡಿಗೆ ಏರಿಸಿಡಿ. ಇಂಥವು ಮೂರು. ಸಣ್ಣ ಬೆರಳು 5 ಕುಣಿಕೆಗೇ ನಿಲ್ಲುತ್ತದೆ, ಅಂಥವು ಎರಡು.

ಕಡ್ಡಿಯ ಮೇಲೆ ಸಣ್ಣದು, ದೊಡ್ಡವು ಮೂರು, ಸಣ್ಣದು ಎಂದು ಜೋಡಿಸಿ. ಒಟ್ಟು 31 ಕುಣಿಕೆ. ಒಂದು ಸಾಲು ಎಲ್ಲವನ್ನೂ ನಿಟ್ ಮಾಡಿ. ಮುಂದಿನ ಸಾಲು 1 ನಿಟ್, ಉಳಿದದ್ದೆಲ್ಲ ಎರಡೆರಡು ಕೂಡಿಸಿ: 16. ಒಂದು ಸಾಲು ಸಾದಾ. ಮತ್ತೆ ಎಲ್ಲ ಕೂಡಿಸಿ: 8. ಒಂದು ಸಾಲು ಸಾದಾ. ಮತ್ತೆ ಕೂಡಿಸಿ: 4. ಆಮೇಲೆ ಒಂದು ಜೊತೆ ಕೂಡಿಸಿ ಮೂರು ಮಾಡಿಕೊಂಡು 4 ಸೆಂ.ಮೀ. ತೊಟ್ಟಿನ ಹುರಿ ಹಾಕಿ. ಕುಣಿಕೆಗಳು ಇಷ್ಟು ಬೇಗ ಕಡಿಮೆಯಾಗುವುದರಿಂದಲೇ ಬೆರಳುಗಳು ಬೀಸಣಿಗೆಯಂತೆ ತೆರೆದುಕೊಳ್ಳುತ್ತವೆ. ಬೆರಳುಗಳ ಸಂದಿಯಲ್ಲಿ ತೂತು ದೊಡ್ಡದೆನಿಸಿದರೆ ಉಳಿದ ದಾರದ ತುದಿಯಿಂದಲೇ ಒಂದು ಹೊಲಿಗೆ ಹಾಕಿ.

ಓಕ್ ಕಾಯಿ ಹೇಗೆ? ಎಲ್ಲ ಓಕ್ ಕಾಯಿಗಳೂ ಒಂದೇ ಥರವೇ?

ಒಂದೇ ಥರ ಅಲ್ಲ. ಆ ವ್ಯತ್ಯಾಸ ಹೆಣಿಗೆಯಲ್ಲಿ ಕಂಡರೆ ಚೆಂದ. ಬಿಳಿ ಓಕ್‌ನ ಕಾಯಿ ಒಂದೇ ವರ್ಷದಲ್ಲಿ ಬಲಿಯುತ್ತದೆ, ಅದರ ತೊಪ್ಪಿಯ ಮೇಲೆ ಗಂಟುಗಂಟು. ಕೆಂಪು ಓಕ್‌ನ ಕಾಯಿಗೆ ಎರಡು ವರ್ಷ ಬೇಕು, ಅದರ ತೊಪ್ಪಿ ತಟ್ಟೆಯಂತೆ ಚಪ್ಪಟೆ, ಒತ್ತೊತ್ತಾದ ಹೊಪ್ಪಳಿಕೆಗಳು. ಬಿಳಿ ಓಕ್ ಕಾಯಿ ಬಿದ್ದ ಕೂಡಲೇ ಮೊಳಕೆಯೊಡೆಯುತ್ತದೆ. ಹಾಗಾಗಿ ಅಳಿಲುಗಳು ಅದನ್ನು ಅಲ್ಲೇ ತಿನ್ನುವುದು ಹೆಚ್ಚು, ಕೆಂಪು ಓಕ್‌ನದನ್ನು ಚಳಿಗಾಲಕ್ಕೆಂದು ಹೂತಿಡುವುದು ಹೆಚ್ಚು. ನಮ್ಮ ಹಿತ್ತಲಲ್ಲಿ ಅಕ್ಟೋಬರ್ ಪೂರ್ತಿ ಈ ಕೆಲಸವೇ ನಡೆದಿರುತ್ತದೆ.

ಎರಡು ಕಡ್ಡಿಯಲ್ಲಿ ಚಪ್ಪಟೆಯಾಗಿ ಹಾಕಿ ಪಕ್ಕ ಹೊಲಿಯುವ ಕ್ರಮ ಇದು. ತಿಳಿ ಕಂದು ದಾರದಲ್ಲಿ 6 ಕುಣಿಕೆ ಹಾಕಿ, ಒಂದು ಸಾಲು ಪರ್ಲ್. ಪ್ರತಿಯೊಂದನ್ನೂ ಒಂದರಲ್ಲಿ ಎರಡು ಮಾಡಿ: 12. ಪರ್ಲ್. 1 ನಿಟ್, ಒಂದರಲ್ಲಿ ಎರಡು, ಹೀಗೇ ಕೊನೆವರೆಗೆ: 18. ಪರ್ಲ್. ಇನ್ನು 8 ಸಾಲು ಸ್ಟಾಕಿನೆಟ್. ಈಗ ಗಾಢ ಕಂದು. 2 ನಿಟ್, ಒಂದರಲ್ಲಿ ಎರಡು, ಹೀಗೇ ಕೊನೆವರೆಗೆ: 24. ತೊಪ್ಪಿಯ ಅಂಚು ಕಾಯಿಗಿಂತ ಆಚೆ ಚಾಚುವುದು ಈ ಸಾಲಿನಿಂದ. ಒಂದು ಸಾಲು ನಿಟ್. ಬಿಳಿ ಓಕ್ ಆದರೆ ಮುಂದಿನ 4 ಸಾಲು ನಿಟ್ ಮೇಲೆ ಪರ್ಲ್, ಪರ್ಲ್ ಮೇಲೆ ನಿಟ್ ಬರುವ ಸೀಡ್ ಸ್ಟಿಚ್, ಗಂಟುಗಂಟಾಗಿ ಏಳುತ್ತದೆ. ಕೆಂಪು ಓಕ್ ಆದರೆ ಎರಡೇ ಸಾಲು ಗಾರ್ಟರ್ ಸಾಕು. ಆಮೇಲೆ 2 ನಿಟ್, ಕೂಡಿಸಿ: 18. ಸಾದಾ ಸಾಲು. 1 ನಿಟ್, ಕೂಡಿಸಿ: 12. ಸಾದಾ ಸಾಲು. ಎಲ್ಲ ಕೂಡಿಸಿ: 6. ಮತ್ತೆ ಕೂಡಿಸಿ: 3. ನಾಲ್ಕು ಸಾಲಿನ ಹುರಿ ಹಾಕಿದರೆ ತೊಟ್ಟು. ಕೆಳತುದಿಯ 6 ಕುಣಿಕೆಯೊಳಗೆ ದಾರ ಹಾಯಿಸಿ ಬಿಗಿಯಾಗಿ ಎಳೆಯಿರಿ, ಪಕ್ಕ ಹೊಲಿಯುತ್ತಾ ಬನ್ನಿ, ಮುಗಿಯುವ ಮೊದಲು ಒಳಗೆ ತುಂಬಿ.

ಕೆಳಗೆ ಬಿದ್ದ ನಿಜವಾದ ತೊಪ್ಪಿಗೇ ಹೆಣೆದ ಕಾಯಿ ಅಂಟಿಸಬಹುದಾ?

ಬಹುದು, ಬಹಳ ಮುದ್ದಾಗಿರುತ್ತದೆ. ಆದರೆ ಓಕ್ ಕಾಯಿಯೊಳಗೆ ಮೂತಿಹುಳುವಿನ ಮರಿಗಳಿರುವುದು ಸಾಮಾನ್ಯ. ತೊಪ್ಪಿಗಳನ್ನು ತೊಳೆದು, 200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 93 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಒಂದು ಗಂಟೆ ಒಣಗಿಸಿ, ಆರಿದ ಮೇಲೆ ಬಳಸಿ. ಒಮ್ಮೆ ನಾನು ಹಾಗೇ ತಂದು ಬುಟ್ಟಿಯಲ್ಲಿಟ್ಟಿದ್ದೆ, ಮೂರನೇ ದಿನ ಗೊಂಬೆ ಮೆಟ್ಟಿಲ ಬಿಳಿ ಪಂಚೆಯ ಮೇಲೆ ಹುಳ ಹರಿದಾಡುತ್ತಿದ್ದವು.

ಪುಟ್ಟ ಕುಂಬಳಕ್ಕೆ ಸುಲಭದ ದಾರಿ?

ಒಂದು ಆಯತ ಸಾಕು. ವರ್ಸ್ಟೆಡ್ ದಾರ, 4 ಮಿ.ಮೀ. ಕಡ್ಡಿ, ದಾರದ ತುದಿ ಉದ್ದ ಬಿಟ್ಟು 32 ಕುಣಿಕೆ. ಸೀದಾ ಬದಿಯಲ್ಲಿ 3 ನಿಟ್ 1 ಪರ್ಲ್, ಹಿಂಬದಿಯಲ್ಲಿ 1 ನಿಟ್ 3 ಪರ್ಲ್. 24 ಸಾಲು. ಮುಚ್ಚದೆ, ಕುಣಿಕೆಗಳೊಳಗೆ ದಾರ ಹಾಯಿಸಿ ಸುರುಗಿ ಎಳೆಯಿರಿ. ಪಕ್ಕ ಹೊಲಿಯಿರಿ, ತುಂಬಿ, ಕೆಳಭಾಗವನ್ನೂ ಸುರುಗಿ. ಕೊನೆಗೆ ಉದ್ದ ಸೂಜಿಯಿಂದ ನಡುಮಧ್ಯೆ ಮೇಲಿನಿಂದ ಕೆಳಕ್ಕೆ ಎರಡು ಸಲ ಎಳೆದು ಬಿಗಿ ಮಾಡಿದರೆ ನೆತ್ತಿ ಒಳಗೆ ಕುಸಿದು ಕುಂಬಳವೇ ಆಗುತ್ತದೆ. ಪರ್ಲ್ ಸಾಲುಗಳು ತಾವಾಗಿಯೇ ಹೋಳಿನ ಗೆರೆಗಳಾಗುತ್ತವೆ. ಸುಮಾರು 5 ಸೆಂ.ಮೀ. ಅಗಲ ಬರುತ್ತದೆ.

ಬಣ್ಣ ಕಿತ್ತಳೆಯೇ ಆಗಬೇಕೆಂದಿಲ್ಲ. ಬೂದು ಹಸಿರಿನಲ್ಲಿ ಉದ್ದಕ್ಕೆ ಹಾಕಿ ಬೂದುಗುಂಬಳ ಮಾಡಿ, ಮೇಲೆ ಕೆಂಪು ದಾರದ ಒಂದು ಬೊಟ್ಟು ಇಟ್ಟರೆ ಆಯುಧಪೂಜೆಯ ನೆನಪಾಗುತ್ತದೆ. ಸಿಹಿಗುಂಬಳ ಮೂಲತಃ ಅಮೆರಿಕ ಖಂಡದ್ದು, ಬೂದುಗುಂಬಳ ಏಷ್ಯಾದ್ದು. ನಮ್ಮ ಮೆಟ್ಟಿಲಲ್ಲಿ ಎರಡೂ ಅಕ್ಕಪಕ್ಕ ಕೂರುತ್ತವೆ. ಕಿತ್ತಳೆಯವು ಅಲ್ಲಿಂದ ಎದ್ದು ನವೆಂಬರಿನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್‌ವರೆಗೂ ಊಟದ ಮೇಜಿನ ಮೇಲಿರುತ್ತವೆ.

ಅಣಬೆ ಕೆಂಪಗೆ, ಬಿಳಿ ಚುಕ್ಕಿ ಇರಬೇಕಲ್ಲವೇ?

ಯುರೋಪಿನ ಕತೆಪುಸ್ತಕಗಳಲ್ಲಿ ಕಾಣುವ ಫ್ಲೈ ಅಗಾರಿಕ್ ಹಾಗಿರುತ್ತದೆ. ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಕಾಡಿನಲ್ಲಿ ಅದರ ಹಳದಿ, ಕಿತ್ತಳೆ ಬಗೆಯೇ ಸಾಮಾನ್ಯ. ನಾನು ಇಲ್ಲಿ ಕಂಡದ್ದನ್ನೇ ಹೆಣೆಯುತ್ತೇನೆ. ಆ ಬಿಳಿ ಚುಕ್ಕಿಗಳು ಅಣಬೆ ಮೊಗ್ಗಾಗಿದ್ದಾಗ ಹೊದ್ದಿದ್ದ ಪೊರೆಯ ಚೂರುಗಳು. ತಲೆ ಅರಳಿದಂತೆ ಪೊರೆ ಹರಿದು ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ಹಾಗಾಗಿ ಚುಕ್ಕಿಗಳನ್ನು ಅಚ್ಚುಕಟ್ಟಾಗಿ ಅಳೆದು ಇಡಬೇಡಿ, ನೆತ್ತಿಯಲ್ಲಿ ಒತ್ತಾಗಿ, ಅಂಚಿನಲ್ಲಿ ವಿರಳವಾಗಿ ಇರಲಿ. ಮಕ್ಕಳಿಗೆ ಇದು ವಿಷದ ಅಣಬೆ ಎಂದು ಹೇಳಿಕೊಡುವುದನ್ನು ಮರೆಯಬೇಡಿ.

ಎಲೆಯ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಏನು ಮಾಡಲಿ?

ಸ್ಟಾಕಿನೆಟ್‌ನ ಗುಣವೇ ಅದು, ಗಾರ್ಟರ್ ಸುತ್ತಿಕೊಳ್ಳುವುದಿಲ್ಲ. ಉಣ್ಣೆಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ದಪ್ಪ ರಟ್ಟಿನ ಮೇಲೆ ಗುಂಡುಪಿನ್ನು ಚುಚ್ಚಿ ಹರಡಿ, ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಅಕ್ರಿಲಿಕ್ ನೀರಿಗೆ ಬಗ್ಗುವುದಿಲ್ಲ, ಇಸ್ತ್ರಿಪೆಟ್ಟಿಗೆಯ ಹಬೆಯನ್ನು ಎರಡು ಅಂಗುಲ ಮೇಲಿನಿಂದ ಬಿಡಿ. ಪೆಟ್ಟಿಗೆ ತಾಗಿದರೆ ಎಲೆ ಕರಗಿ ಹಾಳಾಗುತ್ತದೆ.

ಎಲೆ ಗರಿಗರಿಯಾಗಿ ನಿಲ್ಲಬೇಕೆಂದರೆ ನಮ್ಮ ಅನ್ನದ ಗಂಜಿಯಷ್ಟು ಒಳ್ಳೆಯದು ಇನ್ನಿಲ್ಲ. ಹತ್ತಿ ಸೀರೆಗೆ ಹಾಕುವ ಹದದಲ್ಲಿ, ತೆಳ್ಳಗೆ ಸೋಸಿ ಅದ್ದಿ. ಒದ್ದೆಯಿರುವಾಗಲೇ ತುದಿಗಳನ್ನು ಬೆರಳಿನಿಂದ ಸ್ವಲ್ಪ ಮೇಲಕ್ಕೆ ಮಡಚಿ ಒಣಗಲು ಬಿಟ್ಟರೆ ನೆಲಕ್ಕೆ ಬಿದ್ದ ಎಲೆಯ ಮುದುಡು ಬರುತ್ತದೆ. ನಮ್ಮ ಕಂಬಳಿಗಳಿಗೆ ಹುಣಸೆಬೀಜದ ಸರಿ ಹಚ್ಚಿ ಗಡುಸು ಮಾಡುವುದೂ ಇದೇ ವಿದ್ಯೆ. ಆದರೆ ಗಂಜಿ ಹಾಕಿದ್ದನ್ನು ತೆಗೆದಿಡುವ ಮುನ್ನ ತೊಳೆದುಬಿಡಿ, ಬೆಳ್ಳಿಮೀನು ಹುಳಕ್ಕೆ ಗಂಜಿಯೆಂದರೆ ಹಬ್ಬ.

ಒಳಗೆ ಏನು ತುಂಬಬೇಕು?

ಪಾಲಿಯೆಸ್ಟರ್ ಹತ್ತಿ ಸುಲಭ. ದಾರದ ತುಂಡುಗಳನ್ನು ಸಣ್ಣಗೆ ಕತ್ತರಿಸಿಯೂ ತುಂಬಬಹುದು, ಅದೇ ಬಣ್ಣದ್ದಾಗಿರಲಿ. ಊರಿನಲ್ಲಿ ಬೂರುಗದ ಹತ್ತಿ ಸಿಕ್ಕರೆ ತುಂಬ ಹಗುರ. ಒಂದೇ ಉಂಡೆಯನ್ನು ತುರುಕಬೇಡಿ, ಬಿಡಿಸಿ ಬಿಡಿಸಿ ಹಾಕಿ, ಇಲ್ಲದಿದ್ದರೆ ಕಾಯಿಯ ಮೈ ಉಬ್ಬುತಗ್ಗಾಗುತ್ತದೆ.

ಫೆಲ್ಟ್ ಮಾಡಲು, ಅಂದರೆ ಹೆಣಿಗೆಯನ್ನು ಗಟ್ಟಿ ಬಟ್ಟೆಯಾಗಿಸಲು ಬಿಸಿನೀರಿನಲ್ಲಿ ತಿಕ್ಕಿದೆ, ಏನೂ ಆಗಲಿಲ್ಲ.

ಲೇಬಲ್ ನೋಡಿ. ಸೂಪರ್‌ವಾಶ್ ಎಂದಿದ್ದರೆ ಆಗುವುದಿಲ್ಲ, ಅಕ್ರಿಲಿಕ್ ಅಂತೂ ಆಗುವುದೇ ಇಲ್ಲ. ಕುರಿಯ ಕೂದಲಿನ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗುತ್ತದೆ. ಸೂಪರ್‌ವಾಶ್ ಉಣ್ಣೆಯಲ್ಲಿ ಆ ಪದರಗಳನ್ನು ನಯ ಮಾಡಿರುತ್ತಾರೆ ಅಥವಾ ಮೇಲೆ ಲೇಪ ಕೊಟ್ಟಿರುತ್ತಾರೆ. ಇದು ತಿಳಿಯದೆ ನಾನು ಒಂದು ಇಡೀ ಸಂಜೆ ಹನ್ನೆರಡು ಓಕ್ ಎಲೆಗಳನ್ನು ಬಚ್ಚಲಲ್ಲಿ ತಿಕ್ಕಿದ್ದೇನೆ.

ಕ್ರೋಶದಲ್ಲೂ ಮಾಡಬಹುದಾ?

ಮಾಡಬಹುದು. ದುಂಡನೆಯ ಕಾಯಿಗೆ ಕ್ರೋಶವೇ ಬೇಗ. ಎಲೆಗೆ ಮಾತ್ರ ನಿಟಿಂಗ್‌ನ ತೆಳುವು, ಬಾಗು ಚೆನ್ನ.

ಮನೆಯಲ್ಲಿ ಸಣ್ಣ ಮಗುವಿದೆ, ದೀಪಾವಳಿ ದೀಪಗಳೂ ಇರುತ್ತವೆ. ಏನು ಜಾಗ್ರತೆ?

ಮೂರು ವರ್ಷದೊಳಗಿನ ಮಕ್ಕಳ ಕೈಗೆ ಓಕ್ ಕಾಯಿ ಕೊಡಲೇಬೇಡಿ. ಅಮೆರಿಕದಲ್ಲಿ ಆಟಿಕೆಗಳ ಸಣ್ಣ ಭಾಗ ಅಳೆಯುವ ಕೊಳವೆಯ ಅಗಲ 1.25 ಇಂಚು, ಅಂದರೆ 3.2 ಸೆಂ.ಮೀ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಗಂಟಲಿಗೆ ಸಿಕ್ಕಬಹುದು. ಮೇಲೆ ಹೇಳಿದ ಕಾಯಿಯ ಅಗಲ ಸುಮಾರು 2.5 ಸೆಂ.ಮೀ. ಮಾತ್ರ. ಮಣಿ, ಗುಂಡಿ ಕಣ್ಣುಗಳೂ ಬೇಡ.

ದೀಪದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಉಣ್ಣೆ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ, ಆದರೆ ಅಕ್ರಿಲಿಕ್, ಪಾಲಿಯೆಸ್ಟರ್ ಕರಗುತ್ತಾ ಉರಿದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹಣತೆಯ ಸಾಲಿನ ಹತ್ತಿರ ಹೆಣೆದ ಯಾವ ವಸ್ತುವನ್ನೂ ಇಡಬೇಡಿ. ಗೊಂಬೆ ಮೆಟ್ಟಿಲಿಗೆ ನಾವು ಬ್ಯಾಟರಿ ದೀಪ ಮಾತ್ರ ಹಾಕುತ್ತೇವೆ, ನಂದಾದೀಪ ಬೇರೆ ಜಾಗದಲ್ಲಿ.

ಕರ್ನಾಟಕದಲ್ಲಿ ಶರತ್ಕಾಲಕ್ಕೆ ಎಲೆ ಉದುರುವುದಿಲ್ಲವಲ್ಲ. ಇಲ್ಲಿಗೆ ಏನು ಹೆಣೆಯಲಿ?

ಈ ಪ್ರಶ್ನೆ ನನಗೆ ಬಹಳ ಇಷ್ಟ. ನಮ್ಮಲ್ಲಿ ತೇಗ, ಮುತ್ತುಗಗಳು ಎಲೆ ಉದುರಿಸುವುದು ಚಳಿ ಕಳೆದು ಬೇಸಿಗೆ ಬರುವ ಹೊತ್ತಿಗೆ. ಆಶ್ವಯುಜ, ಕಾರ್ತಿಕ ಅಂದರೆ ಮಳೆ ನಿಂತು ತಿಳಿಯಾದ ಆಕಾಶ, ಸೇವಂತಿಗೆ, ಚೆಂಡುಹೂ, ಬೆಳಗಿನ ನೆಲದ ಮೇಲೆ ಪಾರಿಜಾತ. ಬೆಂಗಳೂರಿನಲ್ಲಿ ಕೂತು ಮೇಪಲ್ ಎಲೆ ಹೆಣೆಯಲು ಯಾರ ಅಡ್ಡಿಯೂ ಇಲ್ಲ, ಆದರೆ ಕಾಲಬುಡದಲ್ಲಿ ಪಾರಿಜಾತ ಬಿದ್ದಿರುವಾಗ ಅದನ್ನೇ ಯಾಕೆ ಹೆಣೆಯಬಾರದು? ಅದರ ದಳಗಳು ಐದರಿಂದ ಎಂಟು, ಗಿರಗಿಟ್ಲೆಯ ರೆಕ್ಕೆಯಂತೆ ಒಂದೇ ಕಡೆ ತಿರುಚಿರುತ್ತವೆ. ಬಿಳಿ ದಾರದಲ್ಲಿ ಆರು ಪುಟ್ಟ ದಳ, ನಡುವೆ ಮತ್ತು ಹಿಂದೆ ಕಿತ್ತಳೆ ಹುರಿ. ಹೂವನ್ನು ಕವುಚಿಟ್ಟರೆ ಕಿತ್ತಳೆ ತೊಟ್ಟು ಮೇಲೆ ಕಾಣುತ್ತದೆ, ನೆಲಕ್ಕೆ ಬಿದ್ದ ಪಾರಿಜಾತ ಬಹುಪಾಲು ಹಾಗೇ ಇರುವುದು.

ಇನ್ನು ಬನ್ನಿ. ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅನ್ನದೆ ನಮ್ಮ ಕಡೆ ದಸರೆ ಮುಗಿಯುವುದಿಲ್ಲ. ಇಲ್ಲಿ ಬನ್ನಿ ಮರ ಎಲ್ಲಿಂದ ತರುವುದು? ಮೊದಲ ಕೆಲವು ವರ್ಷ ಕಾಗದದಲ್ಲಿ ಕತ್ತರಿಸಿದೆವು. ಆಮೇಲೆ ಹೆಣೆಯತೊಡಗಿದೆ. ಬನ್ನಿಯದು ಪುಟಾಣಿ ಎಲೆಗಳ ಜೋಡಿಸಾಲು, ಒಂದು ಕಡ್ಡಿಯ ಎರಡೂ ಪಕ್ಕಕ್ಕೆ. ಉದ್ದ ಹುರಿ ಹಾಕಿ, ಅದರ ಎರಡೂ ಪಕ್ಕ 5 ಕುಣಿಕೆಗೇ ನಿಲ್ಲುವ ಸಣ್ಣ ಎಲೆಗಳನ್ನು ಹೊಲಿದರೆ ಆಯಿತು. ಪಕ್ಕದ ಮಹಾರಾಷ್ಟ್ರದಲ್ಲಿ ಕೊಡುವ ಆಪ್ಟಾ ಎಲೆ ಎರಡು ಹೋಳಾಗಿ ಹೃದಯದಂತಿರುತ್ತದೆ, ಅದು ಇನ್ನೂ ಸುಲಭ. ಹಸಿರು ದಾರದ ಜೊತೆ ತೆಳುವಾದ ಒಂದು ಜರಿ ಎಳೆ ಸೇರಿಸಿ ಹಾಕುತ್ತೇನೆ. ಮೊದಲ ಸಲ ಇದನ್ನು ಕೊಟ್ಟಾಗ ನಮ್ಮ ಊರಿನ ಕಡೆಯ ಹಿರಿಯರೊಬ್ಬರು ಕಣ್ಣಿಗೊತ್ತಿಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡರು, ಮುಂದಿನ ವರ್ಷ ಅದೇ ಎಲೆಯನ್ನು ಕಿಸೆಯಿಂದ ತೆಗೆದು ನನಗೆ ಬನ್ನಿ ಕೊಟ್ಟರು.

ಊರಿಗೆ ಹೋಗುವಾಗ ಉಡುಗೊರೆಯಾಗಿ ಒಯ್ಯಬಹುದಾ?

ಹೆಣೆದವನ್ನು ಧಾರಾಳವಾಗಿ. ನಿಜವಾದ ಓಕ್ ಕಾಯಿ, ತೊಪ್ಪಿ, ಒಣ ಎಲೆ ಅಂಟಿಸಿದವನ್ನು ಬೇಡ. ಗಿಡಮರದ ವಸ್ತುಗಳನ್ನು ಭಾರತಕ್ಕೆ ತರಲು 2003ರ ಸಸ್ಯ ಸಂಪರ್ಕತಡೆ ಆದೇಶದ ನಿಯಮಗಳಿವೆ. ನಮ್ಮ ಊರಿನ ಮರಗಳಿಗೆ ಹೊರಗಿನ ಕೀಟ, ರೋಗ ತಾಗಬಾರದೆಂದು ಮಾಡಿದ ನಿಯಮ ಅದು, ಮನಸ್ಸಿಟ್ಟು ಪಾಲಿಸಿ.

ಮುಂದಿನ ವರ್ಷದವರೆಗೆ ಹೇಗೆ ಇಡುವುದು?

ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ. ಉಣ್ಣೆ ತಿನ್ನುವುದು ನುಸಿಪತಂಗವಲ್ಲ, ಅದರ ಮರಿಹುಳ. ಬೆವರು, ಎಣ್ಣೆ ತಾಗಿದ ಜಾಗವೆಂದರೆ ಅದಕ್ಕೆ ಮೊದಲ ತುತ್ತು. ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಎಲೆಗಳನ್ನು ಹಳೆಯ ಪತ್ರಿಕೆಯ ನಡುವೆ ಮಡಿಕೆಯಿಲ್ಲದೆ ಮಲಗಿಸಿ.

ಆಯುಧಪೂಜೆಯ ದಿನ ಹೆಣೆಯಬಹುದಾ?

ನಮ್ಮ ಮನೆಯಲ್ಲಿ ಇಲ್ಲ. ಮಹಾನವಮಿಯ ಬೆಳಿಗ್ಗೆ ಕಡ್ಡಿಗಳನ್ನು ಒರೆಸಿ, ಕತ್ತರಿ, ಸೂಜಿ, ಟೇಪಿನ ಜೊತೆ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತೇನೆ. ಅಮ್ಮನ ನಂಬರ್ 10 ಕಡ್ಡಿಯ ಮೇಲೆ ಅವರ ಕಾಲದ ಕುಂಕುಮದ ಕಲೆ ಇನ್ನೂ ಇದೆ, ಅದನ್ನು ಮಾತ್ರ ಒರೆಸುವುದಿಲ್ಲ. ಹಾಗಾಗಿ ಮೆಟ್ಟಿಲಿಗೆ ಏನೇ ಬಾಕಿಯಿದ್ದರೂ ಹಿಂದಿನ ರಾತ್ರಿಯೇ ಮುಗಿಸಿಕೊಳ್ಳಿ. ಮರುದಿನ ದಶಮಿಯ ಬೆಳಿಗ್ಗೆ ತಟ್ಟೆಯಿಂದ ಕಡ್ಡಿ ತೆಗೆದು ಮೂರು ಕುಣಿಕೆ ಹಾಕುತ್ತೇನೆ. ಸಂಜೆ ಜನ ಬರುವಷ್ಟರಲ್ಲಿ ಇನ್ನೊಂದು ಬನ್ನಿ ಎಲೆ ಆಗಿರುತ್ತದೆ.